ದಾಸವಾಳದ ಬೇರು, ಕುಣಿಗಲ್ಲಿನ ಪೈಪು, ನಮ್ಮ ಮಾವನ ಕಾಯಿ

ನನ್ನ ಬೀಳ್ಕೊಡುಗೆಯ ದಿನ ಆಫೀಸಿನಲ್ಲಿ ಐದಾರು ಜನ ಭಾಷಣ ಮಾಡಿದರು. ಗಿರಿಜಮ್ಮ ಮೇಡಂ ಬಹಳ ಸಿನ್ಸಿಯರ್ ಅಂದರು, ತಾಯಿಯಂಥವರು ಅಂದರು, ಒಬ್ಬರಂತೂ ಕರ್ಚೀಫು ತೆಗೆದು ಕಣ್ಣನ್ನೂ ಒರೆಸಿಕೊಂಡರು. ಆದರೆ ನಾನು ಅಷ್ಟು ವರ್ಷ ಮಾಡಿದ ಕೆಲಸ ಯಾವುದು ಎಂದು ಒಬ್ಬರೂ ಹೇಳಲಿಲ್ಲ. ಗೊತ್ತಿದ್ದರೆ ತಾನೇ ಹೇಳುವುದು! ಶಾಲು ಹೊದಿಸಿ, ಹಾರ ಹಾಕಿ, ಅರ್ಧ ಮೆತ್ತಗಾಗಿದ್ದ ಸೇಬಿನ ಬುಟ್ಟಿ ಕೈಗಿಟ್ಟು ಕಳಿಸಿದರು. ಈಗ ನನ್ನ ಕುರ್ಚಿಗೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, "ಮೇಡಂ, ಈ ಪೋಸ್ಟಲ್ಲಿ ನಾನು ಏನ್ ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ" ಅಂದಳು. ಪಾಪ. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸೀನಿಯಾರಿಟಿ, ವರ್ಗಾವಣೆಯ ಗೋಳನ್ನು ಬೇರೆಯವರು ಬರೆದುಕೊಳ್ಳಲಿ.

ಕೆಲಸ ಇಷ್ಟೇ ಕಣಮ್ಮಾ. ಊರಿನ ನೆಲದ ಕೆಳಗೆ ಕುಡಿಯುವ ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್ಲು ಹೋಗಿರುತ್ತವೆ. ಮೇಲಿನ ಜಾಗ ಬೋಳಾಗಿ ಕಾಣಬಾರದೆಂದು ದೊಡ್ಡವರು ಅಂದದ ಗಿಡ ನೆಡಿಸುತ್ತಾರೆ. ಆ ಗಿಡ ಎಷ್ಟು ಆಳಕ್ಕೆ, ಯಾವ ಕಡೆಗೆ ಬೇರು ಬಿಡುತ್ತದೆ, ಎಲ್ಲಿ ಏನು ನೆಡಬಹುದು, ಏನನ್ನು ಕಿತ್ತುಹಾಕಬೇಕು ಎಂದು ನೋಡಿ ಹೇಳುವವಳು ನಾನು. ತೋಟಗಾರಿಕೆಯವರು ನನ್ನನ್ನು ನೀರಿನವಳು ಅನ್ನುತ್ತಿದ್ದರು, ನೀರಿನವರು ತೋಟದವಳು ಅನ್ನುತ್ತಿದ್ದರು. ತುಮಕೂರಿನಿಂದ ಕುಣಿಗಲ್ಲಿನವರೆಗೆ ಮೇಸ್ತ್ರಿಗಳೆಲ್ಲ ಸೇರಿ ಇಟ್ಟ ಹೆಸರು "ಬೇರು ಮೇಡಂ".

ಆಗ ನಮಗೆ ಎಂಜಿನಿಯರು ನಾಗರಾಜ್ ಸಾಹೇಬರು. ಒಳ್ಳೆಯ ಮನುಷ್ಯ, ಆದರೆ ಪುಸ್ತಕ ಬಿಟ್ಟು ಮಾತಾಡುವವರಲ್ಲ. ಪೊದೆಗಿಡದ ಬೇರು ಒಂದೂವರೆ ಅಡಿಗಿಂತ ಕೆಳಗೆ ಹೋಗುವುದಿಲ್ಲ ಎಂದು ಅವರ ಪುಸ್ತಕದಲ್ಲಿ ಇತ್ತಂತೆ. ತುಮಕೂರಿನ ಒಂದು ಬಡಾವಣೆಯಲ್ಲಿ ಒಳಚರಂಡಿ ಪೈಪಿನ ನೆತ್ತಿಯ ಮೇಲೇ ಫೈಕಸ್ ಗಿಡದ ಬೇಲಿ ಹಾಕಿಸಿದರು. ಫೈಕಸ್ ಅಂದರೆ ಆಲದ ಮರದ ದಾಯಾದಿ. ಕತ್ತರಿಸಿ ಕತ್ತರಿಸಿ ಕುಳ್ಳಗೆ ಇಟ್ಟಿರುತ್ತಾರೆ ಅಷ್ಟೇ. ಮೇಲೆ ಕತ್ತರಿಸಿದರೆ ಕೆಳಗೂ ಕುಳ್ಳಗಿರುತ್ತದೆಯೇ? ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಆ ಬೀದಿಯ ಬಚ್ಚಲುಗಳಲ್ಲಿ ನೀರು ಒಳಗೆ ಹೋಗುವ ಬದಲು ಹೊರಗೆ ಬರತೊಡಗಿತು.

ನಮ್ಮ ಮೇಸ್ತ್ರಿ ಹನುಮಂತು ಮ್ಯಾನ್‌ಹೋಲಿನ ಮೇಲಿನಿಂದಲೇ ಕೊಕ್ಕೆ ಹಾಕಿ ಎಳೆದ. ಪೈಪಿನ ಕೀಲಿನಲ್ಲಿ ನುಗ್ಗಿ ಬೆಳೆದಿದ್ದ ಬೇರಿನ ಕಂತೆ ಆಳುದ್ದ ಹೊರಗೆ ಬಂತು. ಅವನು ಅದನ್ನು ತೊಳೆದೆ ಅಂತ ಹೇಳಿ, ತೊಳೆಯದೆಯೇ, ಸಾಹೇಬರ ಟೇಬಲ್ಲಿನ ಮೇಲೆ ತಂದಿಟ್ಟ.

"ಏನ್ರೀ ಇದು? ಯಾರ ಜಡೆ?" ಅಂತ ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

"ನೀವ್ ನೆಡ್ಸಿದ್ ಗಿಡದ್ದೇ ಸಾ. ಎಷ್ಟಡಿ ಐತೆ ಅಂತ ನೀವೇ ಟೇಪ್ ಹಿಡ್ಕಳಿ" ಅಂದ ಹನುಮಂತು.

ಸಾಹೇಬರು ಟೇಪು ಹಿಡಿಯಲಿಲ್ಲ, ಮೂಗು ಹಿಡಿದುಕೊಂಡರು. ಪುಸ್ತಕದಲ್ಲಿ ಇದ್ದದ್ದು ಸುಳ್ಳೇನೂ ಅಲ್ಲ. ಸುಮ್ಮನೆ ಬಿಟ್ಟರೆ ಹೆಚ್ಚಿನ ಪೊದೆಗಿಡಗಳು ಮೇಲುಮೇಲಿನ ಮಣ್ಣಿನಲ್ಲೇ ಅಗಲಕ್ಕೆ ಹರಡಿಕೊಂಡು ಹಾಯಾಗಿರುತ್ತವೆ. ಆದರೆ ಎಲ್ಲೋ ಒಂದು ಕೀಲು ಸಡಿಲವಾಗಿ ತೇವ ಜಿನುಗಿತೋ, ಅದರ ಸುಳಿವು ಹಿಡಿದು ಬೇರು ಒಂದೂವರೆ ಅಡಿಯಲ್ಲ, ನಾಲ್ಕಡಿಗೂ ಇಳಿಯುತ್ತದೆ. ಆಮೇಲೆ ಅಲ್ಲೇ ದಪ್ಪವಾಗಿ ಕೀಲನ್ನು ಇನ್ನಷ್ಟು ಅಗಲಿಸುತ್ತದೆ. ಅದಕ್ಕೇ ಹೇಳುವುದು: ಗಿಡದ ಬುಡದಿಂದ ಒಂದು ಮೊಳ ದೂರದಲ್ಲಿ ಕೈಯಿಂದ ಗುಂಡಿ ತೋಡಿ ನೋಡು. ಬೇರು ನಾಲ್ಕು ದಿಕ್ಕಿಗೂ ಇದ್ದರೆ ನೆಮ್ಮದಿಯಾಗಿ ಟೀ ಕುಡಿ. ಎಲ್ಲ ಒಂದೇ ಕಡೆ ವಾಲಿದ್ದರೆ ಟೀ ಆಮೇಲೆ.

ಗುಬ್ಬಿಯ ಕಥೆ ಬೇರೆ. ಅಲ್ಲಿ ಗಿಡಕ್ಕಿಂತ ಗಿಡದ ಭಕ್ತರ ಬೇರು ಆಳ. ನೀರಿನ ಲೈನಿನ ಮೇಲೆ ದಾಸವಾಳದ ಬೇಲಿ ಇತ್ತು. ನಮ್ಮ ಕಡೆ ಬೆಳಗಾಗುತ್ತಲೇ ಹಿರಿಯರು ಕವರು ಹಿಡಿದು ವಾಕಿಂಗ್ ಹೊರಡುವುದು ಆರೋಗ್ಯಕ್ಕಲ್ಲ, ಕಂಡವರ ಬೇಲಿಯ ಹೂವಿಗೆ. ಕದ್ದ ಹೂವು ದೇವರಿಗೆ ಇನ್ನೂ ಇಷ್ಟ ಎಂಬ ನಂಬಿಕೆ ಬೇರೆ. ಆ ಬೇಲಿ ತೆಗೆಸಲು ಹೋದಾಗ ಒಬ್ಬ ಅಜ್ಜಿ ವಿಭೂತಿ ಹಚ್ಚಿಕೊಂಡು ಬಂದು ಹನುಮಂತುವಿನ ಗುದ್ದಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತೇಬಿಟ್ಟರು.

"ಅಜ್ಜಿ, ಇದು ಸರ್ಕಾರದ ಹೂವು. ದಿನಾ ನೀವು ಕಿತ್ಕೊಂಡು ಹೋಗ್ತಿರೋದೇ ತಪ್ಪು" ಅಂದೆ.

"ನಾನು ಕೀಳದು ಹೂವ ಕಣೇ. ನೀನು ಗಿಡಾನೇ ಕೀಳಾಕ್ ಬಂದಿದ್ದೀಯಲ್ಲ, ಕಳ್ಳಿ ಯಾರು?" ಅಂದರು ಅಜ್ಜಿ.

ಕೊನೆಗೆ ಆ ಅಜ್ಜಿಯ ಮನೆಯ ಮುಂದೆಯೇ ಎರಡು ದಾಸವಾಳ ನೆಟ್ಟುಕೊಟ್ಟು ಜಾಗ ಖಾಲಿ ಮಾಡಿಸಿದೆವು. ಮಾರನೆಯ ದಿನ ಅಜ್ಜಿ ಆ ಗಿಡದ ಹೂವು ಬಿಟ್ಟು ಪಕ್ಕದ ಬೀದಿಗೆ ಕವರು ಹಿಡಿದು ಹೊರಟಿದ್ದರು.

ಆಮೇಲೆ ನೆಲದೊಳಗಿನ ಪೈಪು, ಸೋರಿಕೆ ಹುಡುಕುವ ಮೆಷಿನ್ ಬಂತು. ಮೊದಲೆಲ್ಲ ಹನುಮಂತು ಕಬ್ಬಿಣದ ಕಂಬಿಯನ್ನು ನೆಲಕ್ಕೆ ಊರಿ ಇನ್ನೊಂದು ತುದಿಗೆ ಕಿವಿ ಇಟ್ಟು, ಒಳಗೆ ನೀರು ಸೋರುವ ಸದ್ದು ಕೇಳುತ್ತಿದ್ದ. ಮೆಷಿನ್ ಬಂದ ಮೇಲೆ ಸಾಹೇಬರು ಅದನ್ನು ಮಗುವಿನಂತೆ ಎತ್ತಿಕೊಂಡು ಓಡಾಡಿದರು. ಅದು ಗುಬ್ಬಿಯಲ್ಲಿ ಒಂದು ಮನೆಯ ಮುಂದೆ ಕುಂಯ್ ಅಂತ ಕೂಗಿತು. ಸರ್ಕಾರದವರು ನಿಧಿ ತೆಗೀತಾವ್ರೆ ಎಂದು ಬೀದಿಯೆಲ್ಲ ಸೇರಿತು. ಮೂರಡಿ ಅಗೆದಾಗ ಬಂದದ್ದು ಸೈಕಲ್ಲಿನ ಹಳೇ ರಿಮ್ಮು. ಮನೆಯವರು ಅದನ್ನೂ ಬಿಡಲಿಲ್ಲ, ನಮ್ಮ ಜಾಗದಲ್ಲಿ ಸಿಕ್ಕಿದ್ದು ನಮ್ಮದೇ ಎಂದು ಒಳಗೆ ಇಟ್ಟುಕೊಂಡರು. ಇಷ್ಟಾದರೂ, "ಸಾರ್, ಮೆಷಿನ್ ಪಕ್ಕಕ್ಕಿರಲಿ, ಗಿಡ ನೋಡಿ, ಈ ಕಡೆ ಸೋರ್ತಿದೆ" ಅಂತ ನಾನು ಹೇಳಿದರೆ ಸಾಹೇಬರು ನಗುತ್ತಿದ್ದರು. "ಗಿಡ ನೋಡಿ ಲೀಕ್ ಹೇಳೋದಾದ್ರೆ ಗಿಣಿಶಾಸ್ತ್ರದವನನ್ನೇ ಕರೆಸ್ತಿದ್ದೆನಲ್ರೀ ಗಿರಿಜಮ್ಮ!"

ನಗುವವರು ನಗಲಿ ಅಂತ ನಾನು ಸುಮ್ಮನಾಗುತ್ತಿದ್ದೆ. ಮನೆಯಲ್ಲಿಯೂ ನನ್ನ ಕೆಲಸದ ಮಾತು ಎತ್ತುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮ ಮಾವ.

ನಮ್ಮ ಮಾವ ರುದ್ರಪ್ಪನವರು ಗುಬ್ಬಿ ತಾಲ್ಲೂಕಿಗೆಲ್ಲ "ಕಾಯಿ ರುದ್ರಪ್ಪ" ಎಂದೇ ಹೆಸರಾದವರು. ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂದು ಪಾಯಿಂಟ್ ನೋಡುವವರು. ಅಂಗೈ ಮೇಲೆ ಜುಟ್ಟಿರುವ ತೆಂಗಿನಕಾಯಿಯನ್ನು ಅಡ್ಡಡ್ಡ ಮಲಗಿಸಿಕೊಂಡು ಹೊಲದ ತುಂಬ ನಡೆಯುತ್ತಿದ್ದರು. ಕೆಳಗೆ ನೀರಿದ್ದ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತಿತ್ತು. ಚೇಳೂರು, ಕಡಬ, ಎಲ್ಲಿ ಹೋದರೂ ಇದು ಮಾವನ ಪಾಯಿಂಟು, ಅದು ಮಾವನ ಪಾಯಿಂಟು ಎಂದು ಜನ ತೋರಿಸುತ್ತಿದ್ದರು. ಇದಕ್ಕೆ ಅವರು ತೆಗೆದುಕೊಳ್ಳುತ್ತಿದ್ದುದು ಎಲೆ ಅಡಿಕೆ ಮತ್ತು ಮರ್ಯಾದೆ, ಎರಡೇ. ನಾನು ಹೆಂಗಸು, ಓದಿದವಳು, ಅದೂ ನೀರಿನ ಆಫೀಸಿನವಳು. ಊಟದ ಹೊತ್ತಿಗೆ ನಾನು ಬೇರಿನ ಮಾತು ತೆಗೆದರೆ ಅವರು "ಸಾರು ಹಾಕವ್ವ" ಅನ್ನುತ್ತಿದ್ದರು. ಅವರು ಕಾಯಿಯ ಮಾತು ತೆಗೆದರೆ ನಾನು ಸಾರು ಹಾಕುತ್ತಿದ್ದೆ. ಹೀಗೆ ಮನೆಯಲ್ಲಿ ಶಾಂತಿ ಇತ್ತು, ಸಾರು ಬೇಗ ಖಾಲಿಯಾಗುತ್ತಿತ್ತು.

ಒಂದು ವರ್ಷ ಮಾವನ ಗ್ರಹಚಾರ ಕೆಟ್ಟಿತು. ಅವರು ತೋರಿಸಿದ ಎರಡು ಪಾಯಿಂಟು ಒಂದರ ಹಿಂದೆ ಒಂದು ಬರೀ ಧೂಳು ಕಾರಿದವು. ಚೇಳೂರಿನ ಹೋಟೆಲಿನಲ್ಲಿ ಯಾರೋ, "ರುದ್ರಪ್ಪಂಗೆ ವಯಸ್ಸಾಯ್ತು ಕಣ್ಲಾ, ಕಾಯಿಗೂ ನಿದ್ದೆ ಬತ್ತದೆ" ಅಂದರಂತೆ. ಮಾವ ಊಟ ಅರ್ಧಕ್ಕೆ ಬಿಟ್ಟು ಎದ್ದರು. ಕೈ ತೊಳೆಯುತ್ತಾ, "ಇನ್ನೊಂದು ಪಾಯಿಂಟು ನೋಡ್ತೀನಿ. ಅದೂ ಸುಳ್ಳಾದ್ರೆ ಕಾಯಿ ಮುಟ್ಟಲ್ಲ" ಅಂದರು. ಅವರು ಸುಮ್ಮನೆ ಮಾತಾಡುವವರಲ್ಲ. ಕಾಯಿ ಬಿಟ್ಟರೆ ಅವರು ಮೂಲೆ ಸೇರುತ್ತಾರೆ ಎಂದು ನನಗೆ ನಿಜವಾಗಿ ಭಯವಾಯಿತು.

ಅದೇ ಬೇಸಿಗೆಯಲ್ಲಿ ಕುಣಿಗಲ್ಲಿನಿಂದ ದೂರು ಬಂತು. ಊರಿನ ಮೇಲ್ಭಾಗದ ಬೀದಿಗಳಿಗೆ ನೀರು ಏರುತ್ತಿಲ್ಲ. ಸಾಹೇಬರ ಮೆಷಿನ್ ಇಡೀ ಲೈನು ಸುತ್ತಿ ಏನೂ ಇಲ್ಲ ಎಂದಿತು. ನಾನು ಹನುಮಂತುವನ್ನು ಕರೆದುಕೊಂಡು ಲೈನಿನ ಉದ್ದಕ್ಕೂ ಸುಮ್ಮನೆ ನಡೆದೆ. ಬಿಸಿಲಿಗೆ ಎಲ್ಲ ಬೇಲಿಗಳೂ ಧೂಳು ತಿಂದು ಜೋಲು ಮೋರೆ ಹಾಕಿದ್ದವು. ಒಂದು ಕಡೆ ಮಾತ್ರ ಹತ್ತು ಮಾರಿನಷ್ಟು ದಾಸವಾಳ ಮದುವೆಗೆ ಹೊರಟ ಹಾಗೆ ಹಸಿರು ಉಟ್ಟು ಹೂವು ಮುಡಿದು ನಿಂತಿತ್ತು. ನಮ್ಮವರೇ ಹಿಂದೆ ಯಾವಾಗಲೋ ಪೈಪಿನ ಮೇಲೆ ನೆಟ್ಟ ಬೇಲಿ ಅದು. ಈಗ ಪುಟ್ಟಸ್ವಾಮಿ ಎಂಬುವರ ಹೊಸ ಕಲ್ಯಾಣ ಮಂಟಪದ ಕಾಂಪೌಂಡಿನ ಒಳಗಿತ್ತು. ಬೇಲಿ ನಡೆದುಕೊಂಡು ಒಳಗೆ ಹೋಗುವುದಿಲ್ಲವಲ್ಲ. ಕಾಂಪೌಂಡೇ ಹೊರಗೆ ಬಂದು ರಸ್ತೆ ಬದಿಯ ಜಾಗವನ್ನು ನುಂಗಿತ್ತು. ಪುಟ್ಟಸ್ವಾಮಿಯವರು ಮಾರ್ಕೋನಹಳ್ಳಿ ಕಾಲುವೆಯ ನೀರಿನಲ್ಲಿ ಗದ್ದೆ ಮಾಡಿ ಬೆಳೆದವರು. ನೀರು ಹರಿದ ಕಡೆಯೆಲ್ಲ ತಮ್ಮದೇ ಎಂಬ ಅಭ್ಯಾಸ.

ಅಗೆದು ನೋಡಲು ಅನುಮತಿ ಪಡೆದು ನಾಲ್ಕನೆಯ ದಿನ ಹೋದೆವು. ಗೇಟಿನಲ್ಲೇ ನಿಂತುಬಿಟ್ಟೆ. ಬೋರ್‌ವೆಲ್ ಲಾರಿ ಬಂದು ನಿಂತಿದೆ. ಊದುಕಡ್ಡಿ ಉರಿಯುತ್ತಿದೆ. ಸುತ್ತ ಜನ. ನಡುವೆ, ಆ ದಾಸವಾಳದ ಬುಡದಲ್ಲಿ, ಅಂಗೈ ಮೇಲೆ ನೆಟ್ಟಗೆ ನಿಂತ ಕಾಯಿ ಹಿಡಿದುಕೊಂಡು ನಮ್ಮ ಮಾವ!

"ಮೇಡಂ, ಇವ್ರು ಇಲ್ಲಿ ಕೊರುದ್ರೆ ಕುಣಿಗಲ್ ಅರ್ಧ ಊರಿಗೆ ನೀರಿಲ್ಲ. ಕೂಗ್ರಿ, ನಿಲ್ಸಿ" ಅಂತ ಹನುಮಂತು ನನ್ನ ಕಿವಿಯಲ್ಲಿ ಹೇಳಿದ.

ನಿಲ್ಲಿಸುವುದು ಕಷ್ಟವಿರಲಿಲ್ಲ. ಇದು ನಮ್ಮ ಪೈಪಿನ ಜಾಗ ಎಂದು ಒಂದು ಮಾತು ಸಾಕು. ಆದರೆ ಆ ಮಾತನ್ನು ಇಷ್ಟು ಜನರ ಮುಂದೆ ಹೇಳುವವಳು ಯಾರು? ಸೊಸೆ. ಸಂಜೆಯ ಒಳಗೆ ಚೇಳೂರಿನ ಹೋಟೆಲಿಗೆ ಸುದ್ದಿ ಮುಟ್ಟುತ್ತದೆ: ಕಾಯಿ ರುದ್ರಪ್ಪನ ಮೂರನೆಯ ಪಾಯಿಂಟನ್ನು ಅವನ ಸೊಸೆಯೇ ಸುಳ್ಳು ಮಾಡಿದಳು. ಸೊಸೆ ಹೇಳುವುದಕ್ಕಿಂತ ಮಣ್ಣೇ ಹೇಳಲಿ ಎಂದುಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದೆ.

"ಮಾವ, ಗಂಗಮ್ಮನ ಗುಂಡಿ ತೋಡ್ಸಿದ್ರಾ?" ಅಂತ ಗಟ್ಟಿಯಾಗಿ ಕೇಳಿದೆ. "ಕಬ್ಬಿಣ ಇಳಿಸೋಕ್ ಮುಂಚೆ ಕೈಯಲ್ಲಿ ಗುಂಡಿ ತೋಡಿ ಅರಿಶಿನ ಕುಂಕುಮ ಹಾಕ್ದೆ ನೀವು ಯಾವತ್ತೂ ಲಾರಿ ಹತ್ರ ಬಿಟ್ಟೋರಲ್ವಲ್ಲ!"

ಗಂಗಮ್ಮನ ಗುಂಡಿ ಎಂಬುದು ಲೋಕದಲ್ಲೇ ಇರಲಿಲ್ಲ. ಆ ಕ್ಷಣಕ್ಕೆ ನನ್ನ ಬಾಯಿಂದ ಹುಟ್ಟಿದ್ದು. ಮಾವ ನನ್ನ ಮುಖ ನೋಡಿದರು. ಹನುಮಂತುವಿನ ಗುದ್ದಲಿ ನೋಡಿದರು. ದಾಸವಾಳವನ್ನೂ ಒಮ್ಮೆ ನೋಡಿದರು.

"ಹೌದೌದು, ಮರ್ತೇ ಹೋಗಿತ್ತು. ತೋಡ್ಲಾ ಮಗಾ. ಗುಂಡಿ ಇಲ್ದೆ ಗಂಗಮ್ಮ ಬರಲ್ಲ" ಅಂದರು.

ಲಾರಿಯವನು ಡೀಸೆಲ್ ದಂಡ ಎಂದು ಗೊಣಗಿದ. ಪುಟ್ಟಸ್ವಾಮಿಯವರು ಶಾಸ್ತ್ರ ಅಂದ ಮೇಲೆ ಶಾಸ್ತ್ರ ಎಂದು ಅವನ ಬಾಯಿ ಮುಚ್ಚಿಸಿದರು. ಹನುಮಂತು ಅಗೆದ. ಒಂದಡಿಗೆ ಕೂದಲಿನಂಥ ಬೇರು. ಎರಡಡಿಗೆ ಹೆಬ್ಬೆರಳು ಗಾತ್ರದ್ದು, ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ಮೂರಡಿಗೆ ಮಣ್ಣು ಒದ್ದೆಯಾಯಿತು, ಜನ "ಬಂತು, ಬಂತು" ಎಂದು ಕೂಗಿದರು. ಒಬ್ಬರು ಕೈಯೆತ್ತಿ ಮುಗಿದರು. ನಾಲ್ಕಡಿಗೆ ಗುದ್ದಲಿ ಠಣ್ ಅಂತು. ಬೇರೆಲ್ಲ ಸೇರಿ ಗೂಡಿನಂತೆ ಸುತ್ತಿಕೊಂಡಿದ್ದ ನಮ್ಮ ಪೈಪು, ಅದರ ಕೀಲಿನಿಂದ ತಣ್ಣಗೆ ಚಿಮ್ಮುವ ಕುಡಿಯುವ ನೀರು.

ಎಲ್ಲರೂ ಮಾವನ ಕಡೆ ತಿರುಗಿದರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನನಗೆ ಕಣ್ಣು ಮುಚ್ಚಿಕೊಳ್ಳುವ ಹಾಗಾಯಿತು.

"ಏನ್ ರುದ್ರಪ್ಪನೋರೇ ಇದು?" ಅಂದರು ಪುಟ್ಟಸ್ವಾಮಿ.

ಮಾವ ಗುಂಡಿಗೆ ಬಗ್ಗಿ, ಒಂದು ಬೊಗಸೆ ನೀರು ಕುಡಿದು, ಟವೆಲ್ಲಿನಲ್ಲಿ ಮೀಸೆ ಒರೆಸಿಕೊಂಡರು. "ನೀರೈತಾ ಅಂದ್ರಿ, ಐತೆ ಅಂದೆ. ಯಾರ್ದು ಅಂತ ನೀವು ಕೇಳ್ನಿಲ್ಲ, ನಾನು ಹೇಳ್ನಿಲ್ಲ."

ಜನ ಹೋ ಅಂತ ನಕ್ಕರು. ಪುಟ್ಟಸ್ವಾಮಿಯವರ ಕೋಪ ನನ್ನ ಮೇಲೆ ತಿರುಗಿತು. "ಏನಮ್ಮಾ, ನನ್ನ ಜಾಗ್ದಲ್ಲಿ ನಿಮ್ಮ ಪೈಪು ಯಾಕ್ ಬಂತು?"

"ಅದನ್ನೇ ನಾನೂ ಕೇಳೋಣ ಅಂತಿದ್ದೆ ಅಣ್ಣ. ಪೈಪು ನನ್ನ ಸರ್ವಿಸ್‌ಗಿಂತ ಹಳೇದು. ನಿಮ್ಮ ಕಾಂಪೌಂಡು ಹೋದ ವರ್ಷದ್ದು. ಯಾರು ಯಾರ ಮೇಲೆ ಬಂದು ಕೂತ್ರು?"

ಆಮೇಲೆ ಅವರ ಬಾಯಿಂದ ಮಾತು ಬರಲಿಲ್ಲ, ಕಾಫಿ ಬಂತು. ಕೀಲು ರಿಪೇರಿಯಾಯಿತು, ಕಾಂಪೌಂಡು ಹಿಂದಕ್ಕೆ ಸರಿಯಿತು, ಮೇಲಿನ ಬೀದಿಗಳಿಗೆ ನೀರು ಏರಿತು. ಈಗಲೂ ಆ ಕಡೆ ಕೆಲವರು ಬೋರ್ ಕೊರೆಸುವ ಮುಂಚೆ ಗಂಗಮ್ಮನ ಗುಂಡಿ ತೋಡುತ್ತಾರಂತೆ. ಪೈಪು ಕೇಬಲ್ಲು ಉಳಿಯುತ್ತವೆ, ನಾನೇಕೆ ಅಡ್ಡಿ ಮಾಡಲಿ?

ಆದರೆ ಮಧ್ಯಾಹ್ನ ತುಮಕೂರಿನ ಬಸ್ಸಿನಲ್ಲಿ ಮಾವ ನಗುತ್ತಿರಲಿಲ್ಲ. ಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿದ್ದರು. ಹೆಬ್ಬೂರು ದಾಟಿದ ಮೇಲೆ ಬಾಯಿ ಬಿಟ್ಟರು.

"ಗಿರಿಜಾ, ಅಲ್ಲಿ ಪೈಪು ಸೋರ್ತೈತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತು."

"ಗೊತ್ತಿತ್ತು ಮಾವ."

"ಹೆಂಗೆ?"

"ಗಿಡ ನೋಡ್ದೆ. ಈ ಬಿಸಿಲಲ್ಲಿ ಅಷ್ಟು ಹಸಿರು ಅಂದ್ರೆ ಬೇರಿಗೆ ಎಲ್ಲೋ ನೀರು ಸಿಕ್ಕಿದೆ ಅಂತ."

ಮಾವ ಕಂಡಕ್ಟರಿಗೂ ಕೇಳಿಸದಂತೆ ಬಗ್ಗಿ ಹೇಳಿದರು. "ನಾನೂ ಅದ್ನೇ ನೋಡಿದ್ದು ಕಣವ್ವ."

"ಏನ್ನ?"

"ಗಿಡಾನ. ಇವತ್ತಲ್ಲ, ಮೊದ್ಲಿಂದ್ಲೂ. ಎಲ್ಲಿ ಹಸಿರೈತೆ, ಬೇರು ಯಾ ಕಡೀಕ್ ಓಡ್ಯದೆ, ಗೆದ್ದಲು ಹುತ್ತ ಎಲ್ಲೈತೆ, ಎಲ್ಲಾ ನೋಡ್ಕಂಡು ಕಾಯಿ ಎಬ್ಬಿಸ್ತೀನಿ. ಹೆಬ್ಬೆಟ್ಟು ಹಿಂಗೆ ಒಂಚೂರು ಒತ್ತುದ್ರೆ ಏಳ್ತದೆ." ತೊಡೆಯ ಮೇಲಿನ ಕಾಯಿ ಬಸ್ಸಿನಲ್ಲಿಯೇ ಠಕ್ಕನೆ ಎದ್ದು ನಿಂತಿತು. "ಗಿಡ ನೋಡಿ ಹೇಳ್ದೆ ಅಂದ್ರೆ ಯಾವನು ನಂಬ್ತಾನೆ? ಕಾಯಿ ಎದ್ರೆ ಎಲ್ರೂ ಕೈ ಮುಗೀತಾರೆ. ಈಗ ಕಣ್ಣು ಮಂಜಾಗ್ಯದೆ. ದೂರದ್ದು ಕಾಣಕ್ಕಿಲ್ಲ. ಅದ್ಕೇ ಆ ಎರಡೂ ಸುಳ್ಳಾದ್ವು. ಕಾಯಿದೇನೂ ತಪ್ಪಿಲ್ಲ."

ನನಗೆ ನಗು ಉಕ್ಕಿ ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಕೆಲಸ ಮಾಡಿಕೊಂಡು, ಒಬ್ಬರಿಗೊಬ್ಬರು ಸಾರು ಬಡಿಸಿಕೊಂಡು ಕೂತಿದ್ದೆವಲ್ಲ! ಈ ಮುದುಕನ ಮೇಲೆ ಆ ಕ್ಷಣ ಉಕ್ಕಿದಷ್ಟು ಪ್ರೀತಿ ನನಗೆ ಮದುವೆಯಾದಾಗಿನಿಂದ ಉಕ್ಕಿರಲಿಲ್ಲ.

"ನಿಮ್ಮಾಫೀಸಲ್ಲಿ ಗಿಡ ನೋಡೋದಕ್ಕೇ ಸಂಬ್ಳ ಕೊಡ್ತಾರಾ?" ಅಂತ ಕೇಳಿದರು.

"ಕೊಡ್ತಾರೆ ಮಾವ."

"ಥೂ, ನಂಗೆ ಮೊದ್ಲೇ ಗೊತ್ತಿದ್ರೆ ನಾನೂ ಓದ್ತಿದ್ದೆ. ಸುಮ್ನೆ ಕಾಯಿ ಹೊತ್ಕಂಡು ತಿರುಗ್ದೆ." ಕಾಯಿಯನ್ನು ನನ್ನ ಬ್ಯಾಗಿನೊಳಗೆ ತುರುಕಿದರು. "ಇದ್ನ ಚಟ್ನಿ ಮಾಡು. ನನ್ನಾಟ ಮುಗೀತು. ಯಾರ್ಗೂ ಹೇಳ್ಬ್ಯಾಡ, ನಾನು ಸತ್ ಮ್ಯಾಲೆ ಬೇಕಾದ್ರೆ ಬರ್ಕೋ."

ಅವರ ಅಪ್ಪಣೆಯಂತೆ ಈಗ ಬರೆಯುತ್ತಿದ್ದೇನೆ. ಅಂದು ಮಾತ್ರ ಚಟ್ನಿ ಮಾಡಲು ಕೈ ಬರಲಿಲ್ಲ. ಮಾವ ಮಾತಿಗೆ ತಪ್ಪದೆ ಜಗಲಿಯಲ್ಲಿ ಕೂತರು. ಪಾಯಿಂಟ್ ನೋಡಲು ಕರೆಯಬಂದವರಿಗೆ ಮಂಡಿನೋವು ಎಂದು ಸುಳ್ಳು ಹೇಳಿ ಕಳಿಸಿದರು. ಕುಣಿಗಲ್ಲಿನ ಮಾತು ಊರೂರಿಗೆ ಹರಡಿತ್ತು. "ಸರ್ಕಾರದ ಮೆಷಿನ್ನಿಗೇ ಸಿಗ್ದಿದ್ ನೀರು ರುದ್ರಪ್ಪನ ಕಾಯಿಗೆ ಸಿಕ್ತಂತೆ" ಎಂದು ಜನ ಮೊದಲಿಗಿಂತ ಹೆಚ್ಚಾಗಿ ಬರುತ್ತಿದ್ದರು. ಮಾವನಿಗೆ ಅದರಿಂದ ಇನ್ನೂ ನೋವು. ಕಣ್ಣೇ ಕಾಣದವನು ಯಾವ ಮುಖ ಹೊತ್ತು ಹೋಗಲಿ ಎಂದು ನನ್ನ ಹತ್ತಿರ ಮಾತ್ರ ಹೇಳುತ್ತಿದ್ದರು. ಊಟವೂ ಕಮ್ಮಿಯಾಯಿತು.

ಒಂದು ಭಾನುವಾರ ಕಡಬದಿಂದ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಅವಳ ತಾಯಿ. ಬಿಟ್ಟು ಹೋಗುವವರಲ್ಲ, ಜಗಲಿಯಲ್ಲೇ ಕೂತರು. ಮಾವ ಮಂಡಿನೋವು ಎಂದರು, ಅವರು ಆಟೋ ತಂದಿದ್ದೇವೆ ಎಂದರು. ಮಾವ ಕಣ್ಣು ಮಂಜು ಎಂದರು, ಅವರು ಕಾಣುವುದು ಕಾಯಿಗಲ್ಲವೇ ಎಂದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮಾವ ನನ್ನ ಕಡೆ ತಿರುಗಿದರು. ಆ ಹಳೆಯ ಕಳ್ಳ ನಗು ಮೀಸೆಯ ಕೆಳಗೆ ಮೆಲ್ಲಗೆ ಬಂತು.

"ಗಿರಿಜಾ, ಚಪ್ಪಲಿ ಮೆಟ್ಕೋ. ಒಂದು ಒಳ್ಳೆ ಕಾಯಿ ಎತ್ಕೊಂಡ್ ಬಾ" ಅಂದರು.

ಅವರ ತೋಟಕ್ಕೆ ಹೋದಾಗ ಜನ ಆಗಲೇ ಸೇರಿದ್ದರು. ಮಾವ ಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು, ಎಡಗೈಯನ್ನು ನನ್ನ ಹೆಗಲ ಮೇಲೆ ಇಟ್ಟು, ಕಿವಿಯ ಹತ್ತಿರ ಬಗ್ಗಿದರು.

"ನೀನು ಮುಂದೆ ನಡಿ, ಗಿಡ ನೋಡು. ನೀನು ಎಲ್ಲಿ ನಿಂತ್ಕತೀಯೋ, ಕಾಯಿ ಅಲ್ಲೇ ಏಳ್ತದೆ."